ಸದರಿಯವಳು ನಾಲ್ಕು ಸಲ ನಕ್ಕಳು

ಈ ಲೋಕದಲ್ಲಿ ಅಳೆಯಲಾಗದ ವಸ್ತುವೇ ಇಲ್ಲ ಎಂದು ನಂಬಿಕೊಂಡು ಇಪ್ಪತ್ತೆರಡು ವರ್ಷ ನೆಮ್ಮದಿಯಾಗಿದ್ದ ಅಳತೆಯವರು, ಒಂದು ಮಂಗಳವಾರ ಸಂಜೆ ನಾಲ್ಕೂ ಕಾಲಿಗೆ, ತಮ್ಮ ಹೆಂಡತಿ ಟೈಲರ್ ಅಂಗಡಿಯಲ್ಲಿ ನಿಂತು ನಗುತ್ತಿರುವುದನ್ನು ಕಂಡರು. ನೆಮ್ಮದಿ ಅಲ್ಲಿಗೆ ಮುಗಿಯಿತು.

ಅಳತೆಯವರು ಎಂಬುದು ಬೀದಿಯವರು ಇಟ್ಟ ಹೆಸರು. ಅವರು ತೂಕ ಮತ್ತು ಅಳತೆ ಕಚೇರಿಯ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸಮನಾಗಿ ನಿಲ್ಲುತ್ತದೆಯೇ, ತೂಕದ ಬಟ್ಟು ಸವೆದಿದೆಯೇ, ಬಟ್ಟೆಯಂಗಡಿಯ ಮೀಟರ್ ಕೋಲು ವಯಸ್ಸಾಗುತ್ತಾ ಕುಳ್ಳಗಾಗಿದೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಉದ್ಯೋಗ. ಉದ್ಯೋಗವನ್ನು ಅವರು ಕಚೇರಿಯಲ್ಲೇ ಬಿಟ್ಟು ಬರುವ ಪೈಕಿಯವರಲ್ಲ. ಸಕ್ಕರೆ ಪೊಟ್ಟಣವನ್ನು ಅಂಗೈಯಲ್ಲಿ ಎರಡು ಸಲ ಕುಲುಕಿ "ಎಂಟು ಗ್ರಾಂ ಕಡಿಮೆ" ಎನ್ನುತ್ತಿದ್ದರು. ಯಾರಾದರೂ "ಐದು ನಿಮಿಷದಲ್ಲಿ ಬರ್ತೀನಿ" ಎಂದರೆ ಕೈಗಡಿಯಾರ ನೋಡಿಕೊಂಡು ಕೂರುತ್ತಿದ್ದರು. ಹದಿನೆಂಟು ವರ್ಷದಿಂದ ಇದನ್ನೆಲ್ಲ ನೋಡುತ್ತಾ ಬಂದ ಹೆಂಡತಿ, ಇದೊಂದು ಕಾಯಿಲೆ ಅಲ್ಲ, ಸ್ವಭಾವ ಎಂಬ ತೀರ್ಮಾನಕ್ಕೆ ಬಂದಿದ್ದಳು.

ಅಂದು ಪರೀಕ್ಷಿಸಬೇಕಿದ್ದ ಹಾರ್ಡ್‌ವೇರ್ ಅಂಗಡಿಯ ಬಾಗಿಲು ಮುಚ್ಚಿದ್ದರಿಂದ ಅವರು ಬೇಗ ಮನೆಗೆ ಹೊರಟಿದ್ದರು. ಟೈಲರ್ ಅಂಗಡಿಯ ಗಾಜಿನ ಆಚೆ ಟೈಲರಿನ ಬೆನ್ನು ಕಾಣುತ್ತಿತ್ತು. ಬೆನ್ನಿನ ಎದುರು ಹೆಂಡತಿ. ಕೈಯಲ್ಲಿ ಕಿಟಕಿಯ ಪರದೆ. ಅವಳು ಏನೋ ಹೇಳುತ್ತಿದ್ದಳು, ಹೇಳುತ್ತಾ ಹೇಳುತ್ತಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು, ನಗು ನಿಂತ ಮೇಲೆ ಮತ್ತೆ ಹೇಳುತ್ತಿದ್ದಳು.

ನಗುವುದು ತಪ್ಪಲ್ಲ. ಯಾವ ಕಾಯಿದೆಯಲ್ಲೂ ಅದಕ್ಕೆ ದಂಡವಿಲ್ಲ. ಆದರೆ ಅಳತೆಯವರಿಗೆ ಒಂದು ಸಂಗತಿ ಥಟ್ಟನೆ ಹೊಳೆಯಿತು: ಈ ನಗುವನ್ನು ಅವರು ಈ ಮೊದಲು ನೋಡಿಯೇ ಇರಲಿಲ್ಲ. ತಮ್ಮ ಮನೆಯಲ್ಲೇ ಇದ್ದ ಸಾಮಾನು ಬೇರೆಯವರ ಅಂಗಡಿಯಲ್ಲಿ ಬಿಕರಿಗೆ ಇಟ್ಟಂತೆ ಅವರಿಗೆ ಕಂಡಿತು.

ರಾತ್ರಿ ಊಟಕ್ಕೆ ಕೂತಾಗ ಕೇಳಿದರು.

"ಟೈಲರ್ ಹತ್ತಿರ ಏನು ಮಾತಾಡ್ತಿದ್ದೆ?"

"ಯಾವಾಗ?"

"ನಾಲ್ಕೂ ಕಾಲಿಗೆ."

"ಏನಿಲ್ಲಪ್ಪ. ಸುಮ್ಮನೆ ಹೀಗೇ, ಏನೋ."

"ಏನೋ ಅಂದ್ರೆ?"

"ಏನೋ ಅಂದ್ರೆ ಏನೋ. ಉಪ್ಪು ಸಾಕಾ ನೋಡಿ."

ಆ ಸಂಜೆ ಅವಳು ಅವರೊಂದಿಗೆ ಇನ್ನೂ ಎರಡು ವಾಕ್ಯ ಆಡಿದಳು. ಒಂದು ನೀರಿನ ನಲ್ಲಿಯ ವಿಷಯ, ಇನ್ನೊಂದು ದೀಪ ಆರಿಸುವ ವಿಷಯ. ಅವಳಾಗಿಯೇ ಎತ್ತಿದ್ದು ಒಟ್ಟು ಮೂರು ವಾಕ್ಯ. ಟೈಲರಿಗೆ ಗಾಜಿನ ಆಚೆ ಬೀದಿಯ ತುಂಬ ಮಾತು, ಕಟ್ಟಿಕೊಂಡವರಿಗೆ ಉಪ್ಪು, ನಲ್ಲಿ, ದೀಪ. 'ಸುಮ್ಮನೆ ಹೀಗೇ ಏನೋ' ಎಂಬುದಕ್ಕೆ ಅವರ ಇಲಾಖೆಯಲ್ಲಿ ಬಟ್ಟು ಇರಲಿಲ್ಲ. ಬಟ್ಟು ಇಲ್ಲದ ವಸ್ತು ಎಷ್ಟು ಭಾರವೂ ಇರಬಹುದು ಎಂಬ ಯೋಚನೆಯಲ್ಲಿ ಅವರು ಮಗ್ಗುಲು ಬದಲಿಸಿದರು.

ಮರುದಿನ ಕಚೇರಿಯಲ್ಲಿ ಅವರು ವಿಷಯವನ್ನು ಯಾರಿಗೂ ಗೊತ್ತಾಗದಂತೆ ಎತ್ತಿದರು. ಮೇಲಿನ ಕಚೇರಿಗೆ ಹೋಗುವ ವರದಿಗಳೆಲ್ಲ ಇಂಗ್ಲಿಷಿನಲ್ಲಿ ಇರಬೇಕಾದ್ದರಿಂದ ಇದೊಂದು ಅನುಕೂಲವಾಯಿತು.

"ಒಬ್ಬರು ಇನ್ನೊಬ್ಬರ ಹತ್ತಿರ ಸುಮ್ಮನೆ ಹೀಗೇ ಏನೋ ಮಾತಾಡಿದರೆ, ಅದನ್ನ ಇಂಗ್ಲಿಷಲ್ಲಿ ಏನಂತ ಬರೀಬೇಕು?" ಎಂದು ಟೈಪಿಸ್ಟ್ ಅಮ್ಮನನ್ನು ಕೇಳಿದರು. ಟೈಪಿಸ್ಟ್ ಅಮ್ಮ ಅಂಚೆಯ ಮೂಲಕ ಇಂಗ್ಲಿಷ್ ಕೋರ್ಸ್ ಮುಗಿಸಿದವರು. ಆ ಕೋರ್ಸನ್ನು ಮುಗಿಸಿದ ಮೇಲೆ ಯಾರೂ ಅವರನ್ನು ಏನೂ ಕೇಳಿರಲಿಲ್ಲವಾದ್ದರಿಂದ ಅವರು ಕುರ್ಚಿಯನ್ನು ಪೂರ್ತಿ ಈ ಕಡೆ ತಿರುಗಿಸಿಕೊಂಡರು.

"ಯಾವ ಥರದ ಏನೋ, ಸರ್?"

"ಅದರಲ್ಲಿ ಥರ ಇದೆಯಾ?"

"ಐದು ಇದೆ."

"ಎಲ್ಲಾ ಒಂದೇ ಕಣ್ರೀ, ಹರಟೆ," ಎಂದು ಹಿರಿಯ ಗುಮಾಸ್ತರು ಕಡತದ ಹಿಂದಿನಿಂದ ಹೇಳಿದರು.

"ಒಂದೇ ಆಗಿದ್ದಿದ್ರೆ ಅವರು ಐದು ಪದ ಯಾಕೆ ಇಟ್ಕೊಳ್ತಿದ್ರು, ಸರ್? ಜಾಗ ಜಾಸ್ತಿ ಇತ್ತಾ?" ಎಂದು ಟೈಪಿಸ್ಟ್ ಅಮ್ಮ ಅವರ ಬಾಯಿ ಮುಚ್ಚಿಸಿ ಬೆರಳು ಮಡಿಸಲು ಶುರು ಮಾಡಿದರು. "ಸ್ಮಾಲ್ ಟಾಕ್ ಅಂದ್ರೆ ಬಸ್ ಸ್ಟಾಪಲ್ಲಿ ಆಡೋದು. ಬಿಸಿಲು ಜಾಸ್ತಿ ಅಲ್ವಾ, ಬಸ್ಸು ಲೇಟು ಅಲ್ವಾ. ಬಸ್ಸು ಹತ್ತಿದ ಮೇಲೆ ಅವರ ಮುಖ ನೆನಪಿರಬಾರದು. ಚಿಟ್‌ಚಾಟ್ ಅಂದ್ರೆ ಪರಿಚಯದವರ ಹತ್ತಿರ, ನಿಂತ್ಕೊಂಡು. ಚಾಟ್ ಅಂದ್ರೆ ಅದೇ ಮಾತು ಕೂತ್ಕೊಂಡು. ಗಾಸಿಪ್ ಅಂದ್ರೆ ಅಲ್ಲಿ ಇಲ್ಲದೇ ಇರೋರ ಬಗ್ಗೆ."

"ನಗು ಇದ್ದರೆ?"

"ಎಷ್ಟು ನಗು?"

"ಬಾಯಿಗೆ ಕೈ ಅಡ್ಡ ಇಟ್ಕೊಳ್ಳೋವಷ್ಟು."

ಟೈಪಿಸ್ಟ್ ಅಮ್ಮ ಐದನೆಯ ಬೆರಳನ್ನು ಮಡಿಸುವ ಮುಂಚೆ ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ಹಾಗಾದ್ರೆ ಅದು ಬ್ಯಾಂಟರ್ ಇರಬೇಕು, ಸರ್. ಒಬ್ಬರನ್ನೊಬ್ಬರು ಛೇಡಿಸ್ಕೊಂಡು ಆಡೋದು. ಅದು ಎಲ್ಲರ ಹತ್ತಿರ ಬರಲ್ಲ. ಸಲಿಗೆ ಬೇಕು ಅದಕ್ಕೆ."

ಸಲಿಗೆ ಎಂಬ ಮಾತು ಹತ್ತು ಕಿಲೋ ಬಟ್ಟಿನಂತೆ ಅಳತೆಯವರ ಪಾದದ ಮೇಲೆ ಬಿತ್ತು. ಆದರೂ ಬಾಯಿಮಾತನ್ನು ನಂಬಿ ಕ್ರಮ ಕೈಗೊಳ್ಳುವುದು ಅವರ ಪದ್ಧತಿಯಲ್ಲ. ಕಚೇರಿಯ ಕಪಾಟಿನಿಂದ ನಿಘಂಟು ತೆಗೆಸಿದರು. ನಿಘಂಟು ಅವರನ್ನು ಮೊದಲು ನಿರಾಶೆಗೊಳಿಸಿತು. ನಾಲ್ಕು ಪದಗಳ ಮುಂದೆಯೂ ಹರಟೆ, ಹರಟೆ, ಲಘು ಹರಟೆ, ಕಾಡುಹರಟೆ ಎಂದಿತ್ತು. ನಾಲ್ಕು ಬೇರೆ ಬೇರೆ ಗಾತ್ರದ ಬಟ್ಟುಗಳ ಮೇಲೆ ಒಂದೇ ಕಿಲೋ ಎಂದು ಕೊರೆದಿಟ್ಟವನಿಗೆ ತಮ್ಮ ಇಲಾಖೆಯಲ್ಲಾದರೆ ನೋಟಿಸು ಹೋಗುತ್ತಿತ್ತು ಎಂದುಕೊಂಡರು. ಆಮೇಲೆ ಐದನೆಯ ಪದ ಸಿಕ್ಕಿತು. ಅದರ ಮುಂದೆ ವಿನೋದ, ಚೇಷ್ಟೆ, ಸರಸ ಎಂದಿತ್ತು. ಮೂರನೆಯದನ್ನು ಓದಿ ಅಳತೆಯವರು ನಿಘಂಟು ಮುಚ್ಚಿದರು. ನಿಘಂಟಿಗೆ ಕಚೇರಿಯ ಮೊಹರು ಬಿದ್ದಿತ್ತು. ಮೊಹರು ಬಿದ್ದದ್ದು ಸುಳ್ಳಾಗಲು ಸಾಧ್ಯವಿರಲಿಲ್ಲ.

ಅಂದೇ ಅವರು ಒಂದು ಚಿಕ್ಕ ನೋಟುಪುಸ್ತಕ ಕೊಂಡು ಗೆರೆ ಎಳೆದರು. ಸಮಯ, ಬಗೆ, ನಿಮಿಷ, ನಗು, ಷರಾ. ಪರೀಕ್ಷೆ ಮುಗಿಯುವ ತನಕ ಹೆಸರು ಬರೆಯಬಾರದು, ಸದರಿ ಎಂದು ಮಾತ್ರ ಬರೆಯಬೇಕು ಎಂಬುದು ಇಲಾಖೆಯ ನಿಯಮ. ಹೆಂಡತಿಯ ವಿಷಯದಲ್ಲೂ ಅವರು ನಿಯಮ ಮುರಿಯಲಿಲ್ಲ. ಅವರ ಪ್ರಾಮಾಣಿಕತೆಯೇ ಅವರಿಗೆ ಮುಳುವಾದದ್ದು ಹೀಗೆ.

ಟೈಲರ್ ಅಂಗಡಿಯ ಎದುರಿಗೆ ಒಂದು ಜೆರಾಕ್ಸ್ ಅಂಗಡಿ. ದಿನವೂ ನಾಲ್ಕು ಗಂಟೆಗೆ ಅಳತೆಯವರು ಅಲ್ಲಿಗೆ ಹೋಗಿ ತಮ್ಮ ಗುರುತಿನ ಚೀಟಿಯನ್ನು ಜೆರಾಕ್ಸ್ ಮಾಡಿಸತೊಡಗಿದರು. ಸುಮ್ಮನೆ ನಿಲ್ಲುವಂತಿರಲಿಲ್ಲವಲ್ಲ. ಹೆಂಡತಿ ಬಂದು, ಪರದೆಯನ್ನೋ ದಿಂಬಿನ ಚೀಲವನ್ನೋ ಟೈಲರಿನ ಕೈಗಿತ್ತು, ಮಾತು ಮುಗಿಸಿ ಹೊರಡುವ ತನಕ ಪ್ರತಿಗಳು ಬರುತ್ತಲೇ ಇರಬೇಕಿತ್ತು. ಮೊದಲ ದಿನ ಎರಡು, ಮರುದಿನ ಒಂಬತ್ತು, ಶನಿವಾರದ ಹೊತ್ತಿಗೆ ಒಟ್ಟು ಅರವತ್ತೊಂದು.

"ಸಾರ್, ಚೀಟಿ ಕಳೆದುಹೋಗುತ್ತೆ ಅಂತ ಭಯನಾ?" ಎಂದ ಜೆರಾಕ್ಸಿನವನು.

"ಹ್ಞಾಂ, ಹೌದು."

"ಅರವತ್ತೊಂದು ಸಲನಾ?"

ಅಳತೆಯವರ ಕಣ್ಣು ಎದುರು ಅಂಗಡಿಯ ಮೇಲಿತ್ತು. ಪೆನ್ಸಿಲು ಪುಸ್ತಕದ ಮೇಲಿತ್ತು. ಜೆರಾಕ್ಸಿನವನು ಅವರ ಕಣ್ಣನ್ನೂ ಪೆನ್ಸಿಲನ್ನೂ ಒಂದು ಗೆರೆಯಿಂದ ಸೇರಿಸಿದ. ಗೆರೆ ನೇರವಾಗಿ ಟೈಲರಿನ ಮೀಟರ್ ಕೋಲಿಗೆ ಹೋಗಿ ಮುಟ್ಟಿತು. ಆ ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಯಿತು: ದೊಡ್ಡ ತಪಾಸಣೆ ಬರುತ್ತಿದೆ, ಮೊದಲು ಟೈಲರು, ಆಮೇಲೆ ಎಲ್ಲರೂ. ಹಾರ್ಡ್‌ವೇರಿನವನು ತಕ್ಕಡಿಗೆ ಎಣ್ಣೆ ಹಾಕಿದ. ತರಕಾರಿಯವಳು ತೂಗಿ ಆದ ಮೇಲೆ ಮೇಲಕ್ಕೆ ಎರಡು ಟೊಮ್ಯಾಟೊ ಇಡತೊಡಗಿದಳು. ಹಾಲಿನವನ ಅಳತೆಯ ಲೋಟ ತುಂಬಿ ಅವನ ಚಪ್ಪಲಿಯ ಮೇಲೆ ಸುರಿಯಿತು.

"ನಿನ್ನೆಯಿಂದ ಯಾಕೋ ಎಲ್ಲರೂ ಜಾಸ್ತಿ ಜಾಸ್ತಿ ಕೊಡ್ತಿದ್ದಾರೆ ಕಣ್ರೀ," ಎಂದಳು ಹೆಂಡತಿ ಮನೆಯಲ್ಲಿ. ಹದಿನೆಂಟು ವರ್ಷದಲ್ಲಿ ಅವಳು ತಾನಾಗಿ ಎತ್ತಿದ ಹರಟೆಗಳಲ್ಲಿ ಅದೂ ಒಂದು. ಆದರೆ ಅಳತೆಯವರು ಹಿಂದಿನ ದಿನದ ನಗುವನ್ನು ಕೂಡಿಸುತ್ತಿದ್ದರಿಂದ ಕೇಳಿಸಿಕೊಳ್ಳಲಿಲ್ಲ.

ಬರೀ ಬರೆದಿಡುವುದರಿಂದ ಹೊಟ್ಟೆಯುರಿ ಇಳಿಯುವುದಿಲ್ಲ ಎಂಬುದು ಅವರಿಗೆ ಎರಡನೆಯ ದಿನವೇ ತಿಳಿದಿತ್ತು. ಟೈಲರ್ ಮಾಡುವ ಮಾತಿನ ಕೆಲಸವನ್ನು ತಾವು ಯಾಕೆ ಮಾಡಬಾರದು? ತಕ್ಕಡಿಯನ್ನು ಪರೀಕ್ಷಿಸುವಾಗ ಎಲ್ಲಕ್ಕಿಂತ ಚಿಕ್ಕ ಬಟ್ಟಿನಿಂದ ಆರಂಭಿಸಬೇಕು. ಆದ್ದರಿಂದ ಅವರು ಗುರುವಾರ ಸಂಜೆ ಏಳಕ್ಕೆ, ಸ್ಮಾಲ್ ಟಾಕಿನಿಂದ ಆರಂಭಿಸಿದರು.

"ಇವತ್ತು ಬಿಸಿಲು ಸ್ವಲ್ಪ ಜಾಸ್ತಿ, ಅಲ್ವಾ?"

ಹೆಂಡತಿ ಒಲೆಯ ಕಡೆಯಿಂದ ತಿರುಗಿದಳು. ಕೈ ಒರೆಸಿಕೊಂಡು ಬಂದು ಅವರ ಹಣೆ ಮುಟ್ಟಿ ನೋಡಿದಳು.

"ಜ್ವರ ಇಲ್ಲ," ಎಂದು ತನಗೆ ತಾನೇ ಹೇಳಿಕೊಂಡು ಹೋದಳು.

ಶುಕ್ರವಾರ ಅವಳು ಮಹಡಿಯಿಂದ ಒಣಗಿದ ಬಟ್ಟೆ ಹೊತ್ತು ಇಳಿದು ಬಂದಾಗ ಅಳತೆಯವರು ಮೆಟ್ಟಿಲ ಬುಡದಲ್ಲಿ ಕಾದು ನಿಂತಿದ್ದರು.

"ಪ್ರಯಾಣ ಹೇಗಿತ್ತು?"

"ಯಾವ ಪ್ರಯಾಣ?"

"ಮಹಡಿಯಿಂದ."

ಅವಳು ಬಟ್ಟೆಯ ರಾಶಿಯ ಮೇಲಿನಿಂದ ಅವರನ್ನು ಬಹಳ ಹೊತ್ತು ನೋಡಿದಳು. ಇಂಥ ನೋಟ ಟೈಲರಿಗೆ ಎಂದೂ ಸಿಕ್ಕಿಲ್ಲ ಎಂದು ಅಳತೆಯವರು ಅದನ್ನು ಲಾಭದ ಕಡೆ ಬರೆದುಕೊಂಡರು.

ಭಾನುವಾರ ಅವರು ಧೈರ್ಯ ಮಾಡಿ ನಡುವಿನ ಬಟ್ಟುಗಳನ್ನೆಲ್ಲ ಹಾರಿಸಿ ನೇರವಾಗಿ ಬ್ಯಾಂಟರಿಗೇ ಕೈ ಹಾಕಿದರು. ಛೇಡಿಸಬೇಕು ಎಂದು ಟೈಪಿಸ್ಟ್ ಅಮ್ಮ ಹೇಳಿದ್ದರು. ಯಾವುದನ್ನು ಎಂದು ಹೇಳಿರಲಿಲ್ಲ.

"ನಿನ್ನ ಮೂಗು ಸ್ವಲ್ಪ ಎಡಕ್ಕಿದೆ, ಗೊತ್ತಾ?" ಎಂದು ಹೇಳಿ ಅಳತೆಯವರು ನಕ್ಕರು. ಅವಳು ನಗದಿದ್ದುದನ್ನು ಕಂಡು, ತಾವು ಉತ್ಪ್ರೇಕ್ಷೆ ಮಾಡಿದಂತಾಯಿತೇನೋ ಎಂದು ಭಯವಾಗಿ, "ಜಾಸ್ತಿ ಏನಿಲ್ಲ. ಎರಡು ಮಿಲಿಮೀಟರ್," ಎಂದು ಸೇರಿಸಿದರು.

ಹೆಂಡತಿ ಒಳಗೆ ಹೋಗಿ ಕನ್ನಡಿಯ ಮುಂದೆ ನಿಂತಳು. ಅವಳಿಗೆ ಮೂಗಿನ ಚಿಂತೆ ಇರಲಿಲ್ಲ. ಚಿಂತೆ ಬೇರೆಯೇ ಇತ್ತು. ಹದಿನೆಂಟು ವರ್ಷ ಈ ಮೂಗು ನೆಟ್ಟಗಿತ್ತು. ಈಗ ಇದು ಎಡಕ್ಕೆ ಕಾಣಬೇಕಾದರೆ, ಯಾರ ಮೂಗಿನ ಪಕ್ಕದಲ್ಲಿ ಇಟ್ಟು ನೋಡಿದ್ದಾರೆ? ತುಟಿ ಬಿಚ್ಚದ ಗಂಡ ಒಂದೇ ವಾರದಲ್ಲಿ ಬಿಸಿಲು, ಪ್ರಯಾಣ, ಮೂಗು ಎಂದು ಮಾತಾಡಲು ಕಲಿತರೆ, ಎಲ್ಲೋ ಒಂದು ಕಡೆ ಪಾಠ ಆಗುತ್ತಿರಬೇಕು. ಪಾಠ ಹೇಳುತ್ತಿರುವವಳು ಯಾರು?

ಸೋಮವಾರ ಬೆಳಗ್ಗೆ ಅಳತೆಯವರು ಸ್ನಾನಕ್ಕೆ ಹೋದಾಗ ಅವಳು ಅವರ ಕೋಟಿನ ಜೇಬಿಗೆ ಕೈ ಹಾಕಿದಳು. ಅರವತ್ತೊಂದು ಗುರುತಿನ ಚೀಟಿಗಳ ಕೆಳಗೆ ನೋಟುಪುಸ್ತಕ ಸಿಕ್ಕಿತು.

ಅಂದು ಸಂಜೆ ಅಳತೆಯವರು ಮನೆಗೆ ಬಂದಾಗ ಮುಂದಿನ ಕೋಣೆಯಲ್ಲಿ ಕುರ್ಚಿಗಳು ಸಾಲಾಗಿದ್ದವು. ಒಂದರಲ್ಲಿ ಅವರ ತಾಯಿ. ಇನ್ನೊಂದರಲ್ಲಿ ಹೆಂಡತಿಯ ಅಣ್ಣ. ಬಾಗಿಲ ಪಕ್ಕ ಹೆಂಡತಿಯ ಸೂಟ್‌ಕೇಸು, ಬೀಗ ಹಾಕಿ ಸಿದ್ಧವಾಗಿತ್ತು. ಹೆಂಡತಿ ಅದರ ಪಕ್ಕ ನಿಂತಿದ್ದಳು.

ಹೆಂಡತಿಯ ಅಣ್ಣ ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ಕಳ್ಳರನ್ನು ಹಿಡಿದವರಲ್ಲ. ಕಳೆದುಹೋದ ವಸ್ತುಗಳ ವಿಭಾಗದಲ್ಲಿದ್ದು ಮೂವತ್ತು ವರ್ಷ ಕೊಡೆ, ಕನ್ನಡಕ, ಹಲ್ಲಿನ ಸೆಟ್ಟುಗಳನ್ನು ವಾರಸುದಾರರಿಗೆ ಒಪ್ಪಿಸಿ ಸಹಿ ಹಾಕಿಸಿಕೊಂಡವರು. ಅವರು ನೋಟುಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಭಾವ, ಈ ವಸ್ತು ನಿಮ್ಮದಾ?"

"ನನ್ನದೇ."

"ಒಳಗಿರೋ ಬರಹ?"

"ಅದೂ ನನ್ನದೇ."

"ಒಳಗಿರೋ ಹೆಂಗಸು?"

ಅಣ್ಣ ಕನ್ನಡಕ ಏರಿಸಿ ಓದಿದರು. "ಬುಧವಾರ. ನಾಲ್ಕು ಹತ್ತು. ಸದರಿಯವಳು ಬಂದಳು. ನೀಲಿ ಸ್ವೆಟರ್. ಚಿಟ್‌ಚಾಟ್, ಹನ್ನೆರಡು ನಿಮಿಷ. ನಗು ಎರಡು. ಗುರುವಾರ. ಚಾಟ್, ಹನ್ನೊಂದು ನಿಮಿಷ. ಸ್ಟೂಲಿನ ಮೇಲೆ ಕೂತಳು. ಶುಕ್ರವಾರ. ಬ್ಯಾಂಟರ್, ಏಳು ನಿಮಿಷ. ಸದರಿಯವಳು ನಾಲ್ಕು ಸಲ ನಕ್ಕಳು. ಷರಾ..." ಇಲ್ಲಿ ಅಣ್ಣ ತಂಗಿಯ ಮುಖ ನೋಡಿ ನಿಲ್ಲಿಸಿದರು.

"ಓದಣ್ಣ," ಎಂದಳು ತಂಗಿ. "ನಾನು ಬೆಳಗ್ಗೆಯಿಂದ ಹದಿನಾರು ಸಲ ಓದಿದೀನಿ. ಇನ್ನೊಂದು ಸಲ ಕೇಳಿದರೆ ಸಾಯಲ್ಲ."

"ಷರಾ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಚೆನ್ನಾಗಿದೆ."

"ಚೆನ್ನಾಗಿದೆಯಂತೆ," ಎಂದಳು ಹೆಂಡತಿ. "ನನ್ನ ಮೂಗು ಎಡಕ್ಕೆ. ಅವಳ ಕೈ ಚೆನ್ನಾಗಿದೆ. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ನನಗೆ ಒಂದು ಷರಾ ಬರೆದಿದ್ದಾರಾ ಕೇಳಣ್ಣ. ಇವತ್ತೇ ನಿನ್ನ ಮನೆಗೆ ಬರ್ತೀನಿ. ಇವರು ಸದರಿಯವಳ ಹತ್ತಿರ ಪ್ರಯಾಣ ಹೇಗಿತ್ತು ಅಂತ ಕೇಳ್ಕೊಂಡಿರಲಿ."

"ಬ್ಯಾಂಟರ್ ಅಂದ್ರೆ ಏನು ಭಾವ?" ಎಂದು ಅಣ್ಣ ಕೇಳಿದರು.

ಅಳತೆಯವರ ನಾಲಿಗೆಯ ತುದಿಗೆ ನಿಘಂಟಿನ ಮೂರೂ ಅರ್ಥಗಳು ಬಂದವು. ಮೂರನೆಯದನ್ನು ಅವರು ಕಷ್ಟಪಟ್ಟು ನುಂಗಿಕೊಂಡರು.

"ವಿನೋದ," ಎಂದರು.

"ವಿನೋದನಾ," ಎಂದಳು ಹೆಂಡತಿ.

ಆಗ ತಾಯಿ ಮಗನ ಪರವಾಗಿ ಎದ್ದು ನಿಂತರು. "ನೋಡಮ್ಮ, ನನ್ನ ಮಗನಿಗೆ ಇನ್ನೊಬ್ಬಳು ಇದ್ದಾಳೆ ಅಂದ್ರೆ ನಾನು ನಂಬಲ್ಲ. ಇದ್ದ ಒಬ್ಬಳ ಹತ್ತಿರವೇ ಮಾತಾಡೋಕೆ ಬಾಯಿ ಬರಲ್ಲ ಇವನಿಗೆ. ಇನ್ನೊಬ್ಬಳನ್ನ ಎಲ್ಲಿಂದ ತರ್ತಾನೆ? ಚಿಕ್ಕವನಿದ್ದಾಗ ಪಕ್ಕದ ಮನೆ ಹುಡುಗಿ ಹೆಸರು ಏನು ಅಂತ ಕೇಳಿದರೆ ನಾಲ್ಕಡಿ ಎರಡಂಗುಲ ಅಂದಿದ್ದ."

ತಾಯಿಯ ಈ ರಕ್ಷಣೆ ಅಳತೆಯವರಿಗೆ ಆರೋಪಕ್ಕಿಂತ ಜೋರಾಗಿ ತಾಗಿತು. ಅವರ ಸ್ಥಿತಿ ನಿಜಕ್ಕೂ ಕಷ್ಟದ್ದೇ. ಇನ್ನೊಬ್ಬಳು ಎಂದು ಒಪ್ಪಿದರೆ ಹೆಂಡತಿ ಸೂಟ್‌ಕೇಸು ಎತ್ತುತ್ತಾಳೆ. ನೀನೇ ಎಂದು ಹೇಳಿದರೆ, ಕಟ್ಟಿಕೊಂಡ ಹೆಂಡತಿಯನ್ನು ಗಾಜಿನ ಆಚೆಯಿಂದ ಕಳ್ಳನಂತೆ ನೋಡಿ, ಅವಳ ನಗುವನ್ನು ಎಣಿಸಿ, ಒಬ್ಬ ಟೈಲರಿನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದನ್ನು ತಾಯಿಯ ಎದುರು, ಭಾವನ ಎದುರು ಹೇಳಬೇಕು. ಎರಡು ತಟ್ಟೆಗಳಲ್ಲೂ ಅವಮಾನ ಇಟ್ಟು ಯಾವುದು ಹಗುರ ಎಂದು ಅವರು ತೂಗುತ್ತಾ ನಿಂತರು. ಮುಳ್ಳು ನಡುವೆ ನಿಂತು ಅಲ್ಲಾಡಲಿಲ್ಲ.

ಹೆಂಡತಿ ಬಗ್ಗಿ ಸೂಟ್‌ಕೇಸಿನ ಹಿಡಿಗೆ ಕೈ ಹಾಕಿದಳು.

ಆಗ ಯಾರೋ ಬಾಗಿಲು ತಟ್ಟಿದರು. ತೆರೆದರೆ ಟೈಲರು. ಕಂಕುಳಲ್ಲಿ ಮೀಟರ್ ಕೋಲು, ಕೊರಳಲ್ಲಿ ಮೂರು ಅಳತೆ ಟೇಪು, ಕೈಯಲ್ಲಿ ಮಗಳು ಶಾಲೆಗೆ ಒಯ್ಯುವ ಅಡಿಪಟ್ಟಿ.

"ಸಾಹೇಬ್ರೇ, ನೀವೇ ಅಳೆದುಬಿಡಿ," ಎಂದು ಎಲ್ಲವನ್ನೂ ಅಳತೆಯವರ ಕಾಲ ಬಳಿ ಇಟ್ಟ. "ತಪ್ಪಿದ್ರೆ ಮುರಿದುಹಾಕಿ. ಆದರೆ ಹೀಗೆ ದಿನಾ ಬಂದು ನೋಡಬೇಡಿ. ನನ್ನ ಕೈಲಿ ಕತ್ತರಿ ನಿಲ್ತಿಲ್ಲ. ನಿನ್ನೆ ಒಬ್ಬರ ಪ್ಯಾಂಟಿಗೆ ಒಂದು ಕಾಲು ಉದ್ದ ಬಂದುಬಿಡ್ತು."

"ಯಾರು ದಿನಾ ಬಂದು ನೋಡ್ತಾರೆ?" ಎಂದರು ಅಣ್ಣ.

"ಸಾಹೇಬ್ರೇ ಸ್ವಾಮಿ. ಎದುರಿನ ಜೆರಾಕ್ಸ್ ಅಂಗಡೀಲಿ ನಿಂತ್ಕೊಂಡು ನನ್ನ ಅಂಗಡಿನೇ ನೋಡ್ಕೊಂಡು ಬರ್ಕೊತಾರಂತೆ. ಇಡೀ ಬೀದಿ ಹೇಳ್ತಿದೆ."

"ಎಷ್ಟು ಹೊತ್ತಿಗೆ?"

"ನಾಲ್ಕು, ನಾಲ್ಕೂ ಕಾಲು."

ಅಣ್ಣನವರ ಮೂವತ್ತು ವರ್ಷದ ಅನುಭವ ಎಚ್ಚರಗೊಂಡಿತು. ಪುಸ್ತಕದ ಪುಟವನ್ನೂ ಟೈಲರಿನ ಮುಖವನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದರು.

"ಆ ಹೊತ್ತಿಗೆ ನಿಮ್ಮ ಅಂಗಡೀಲಿ ಯಾವ ಹೆಂಗಸು ಇರ್ತಾರೆ?"

ಟೈಲರಿಗೆ ಪ್ರಶ್ನೆ ಯಾಕೆಂದು ತಿಳಿಯದಿದ್ದರೂ ಉತ್ತರ ತಿಳಿದಿತ್ತು. ಅಡಿಪಟ್ಟಿಯನ್ನು ಎತ್ತಿ ಬಾಗಿಲ ಕಡೆ ತೋರಿಸಿದ. "ಇನ್ಯಾರು ಸ್ವಾಮಿ, ಅಮ್ಮಾವ್ರೇ."

ಹೆಂಡತಿ ಸೂಟ್‌ಕೇಸಿನ ಹಿಡಿ ಬಿಟ್ಟಳು.

"ನನ್ನ ಹತ್ತಿರ ನೀಲಿ ಸ್ವೆಟರೇ ಇಲ್ಲ. ನನ್ನದು ನೇರಳೆ," ಎಂದಳು. ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ.

"ಅವನಿಗೆ ಚಿಕ್ಕಂದಿನಿಂದ ನೀಲಿ, ನೇರಳೆ ಎರಡೂ ಒಂದೇ," ಎಂದರು ತಾಯಿ.

"ಆದರೆ ನಾನು ನಗುವಾಗ ಬಾಯಿಗೆ ಕೈ ಇಟ್ಕೊಳ್ಳಲ್ಲ."

"ಇಟ್ಕೋತೀರಿ ಅಮ್ಮಾ," ಎಂದ ಟೈಲರು. "ಯಾವಾಗಲೂ."

ಎಲ್ಲರೂ ಅಳತೆಯವರನ್ನು ನೋಡಿದರು. ತಕ್ಕಡಿ ತಾನಾಗಿಯೇ ಒಂದು ಕಡೆಗೆ ವಾಲಿತು. ಅವರು ನೆಲದ ಮೇಲಿನ ಮೀಟರ್ ಕೋಲನ್ನು ನೋಡುತ್ತಾ ಹೇಳಿದರು:

"ಇವನ ಹತ್ತಿರ ಹನ್ನೆರಡು ನಿಮಿಷ ಮಾತಾಡ್ತೀಯ. ಮನೇಲಿ ಉಪ್ಪು ಸಾಕಾ ಅಂತೀಯ. ಇವನು ಅಂಥದ್ದೇನು ಮಾತಾಡ್ತಾನೆ ಅಂತ..."

"ನಾನಾ?" ಎಂದ ಟೈಲರು, ಬೆಚ್ಚಿಬಿದ್ದವನಂತೆ. "ಸ್ವಾಮಿ, ಕೆಲಸ ಮಾಡೋವಾಗ ನನ್ನ ತುಟಿ ನಡುವೆ ಗುಂಡುಸೂಜಿ ಇರುತ್ತೆ. ಬಾಯಿ ಬಿಟ್ಟರೆ ನುಂಗ್ತೀನಿ. ಹದಿನಾಲ್ಕು ವರ್ಷದಿಂದ ಅಮ್ಮಾವ್ರಿಗೆ ನಾನು ಹೇಳಿರೋದು ಒಂದೇ ಮಾತು."

"ಯಾವ ಮಾತು?" ಎಂದರು ಅಣ್ಣ.

"ಹ್ಞೂಂ."

"ಹೇಳಿ ತೋರಿಸಿ."

ಟೈಲರ್ ಅಂಗಿಯ ಕಾಲರಿನಿಂದ ಐದು ಗುಂಡುಸೂಜಿ ಕಿತ್ತು ತುಟಿಯಲ್ಲಿ ಕಚ್ಚಿ, ಕಣ್ಣು ಅರೆ ಮುಚ್ಚಿ, "ಹ್ಞೂಂ" ಎಂದ. ಅದೊಂದು ಅಪರೂಪದ ಹ್ಞೂಂ. ಕೆಳಗಿನಿಂದ ಮೆಲ್ಲಗೆ ಏರಿ, ನಡುವೆ 'ಹೌದಾ' ಎಂಬಂತೆ ಒಂದು ಕ್ಷಣ ತಡೆದು, 'ಆಮೇಲೆ' ಎಂಬಂತೆ ಬಾಗಿಲು ತೆರೆದಿಟ್ಟು ನಿಲ್ಲುತ್ತಿತ್ತು. ಅಣ್ಣನಿಗೇ ತಮ್ಮ ಮೂವತ್ತು ವರ್ಷದ ಕೊಡೆಗಳ ಕಥೆಯನ್ನೆಲ್ಲ ಅಲ್ಲೇ ಕೂತು ಹೇಳಿಬಿಡೋಣ ಎನಿಸಿತು. ಅಳತೆಯವರು ಒಂದು ವಾರದಿಂದ ಒಬ್ಬ ಮನುಷ್ಯನ ಮೇಲೆ ಪಡುತ್ತಿದ್ದ ಹೊಟ್ಟೆಕಿಚ್ಚು ಈಗ ಒಂದೇ ಒಂದು ಅಕ್ಷರದ ಮೇಲೆ ಬಂದು ಕೂತಿತು. ಇಂಥ ಹ್ಞೂಂ ತಮ್ಮ ಬಳಿ ಇಲ್ಲ ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಹೆಂಡತಿ ಅಣ್ಣನ ಕೈಯಿಂದ ಪುಸ್ತಕ ತೆಗೆದುಕೊಂಡಳು. ಶುಕ್ರವಾರದ ಪುಟವನ್ನು ಹದಿನೇಳನೆಯ ಸಲ ಓದಿದಳು. ಹದಿನಾರು ಸಲ ಹೊಟ್ಟೆ ಉರಿಸಿದ್ದ ಅದೇ 'ಚೆನ್ನಾಗಿದೆ'. ಈಗ ಅವಳ ಕೈ ತನಗೆ ತಿಳಿಯದೆಯೇ ಬಾಯಿಯ ಕಡೆ ಹೋಗುತ್ತಿತ್ತು. ಅರ್ಧದಲ್ಲಿ ಅದನ್ನು ಕಂಡು ಕೆಳಗಿಳಿಸಿದಳು.

"ಏನು ಮಾಡೋಣಮ್ಮ?" ಎಂದರು ಅಣ್ಣ. "ವಸ್ತು ಸಿಕ್ಕಿದೆ. ವಾರಸುದಾರರು ಯಾರು ಅಂತ ಹೇಳಿದರೆ ಒಪ್ಪಿಸಿ ಹೋಗ್ತೀನಿ."

"ನಂದೇ ಇರ್ಬೇಕು," ಎಂದಳು ಅವಳು. ಅಷ್ಟಕ್ಕೇ ಬಿಟ್ಟರೆ ಗಂಡ ಹಗುರವಾಗಿ ಪಾರಾದಂತಾಗುತ್ತದೆ ಎನಿಸಿ, "ಆದರೆ ಗುರುವಾರ ಹನ್ನೊಂದು ನಿಮಿಷ ಅಂತ ಬರೆದಿದ್ದಾರೆ. ನಾನು ಇಪ್ಪತ್ತು ನಿಮಿಷ ಇದ್ದೆ. ಅಳತೆ ತಪ್ಪು," ಎಂದಳು.

"ಸಾಧ್ಯವಿಲ್ಲ," ಎಂದರು ಅಳತೆಯವರು. ಅಂದು ಸಂಜೆ ಅವರು ತಲೆ ಎತ್ತಿ ಹೇಳಿದ್ದು ಅದೊಂದೇ ಮಾತು.

ಅಣ್ಣ ವಾರಸುದಾರರ ಸಹಿ ಹಾಕಿಸಿಕೊಳ್ಳದೆ ಹೊರಟದ್ದು ಜೀವನದಲ್ಲಿ ಅದೇ ಮೊದಲು. ತಾಯಿಯನ್ನು ಮನೆ ತಲುಪಿಸುವ ಹೊಣೆಯನ್ನೂ ಅವರೇ ಹೊತ್ತರು. ಟೈಲರಿನ ಮೀಟರ್ ಕೋಲನ್ನು ಅಳತೆಯವರು ಮೂರು ಸಲ ಅಳೆದರು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅದರಿಂದಲೂ ಅವರಿಗೆ ಸ್ವಲ್ಪ ಬೇಸರವೇ ಆಯಿತು. ಮುದ್ರೆ ಒತ್ತಿ ಕೊಟ್ಟರು.

ಮನೆ ಖಾಲಿಯಾಯಿತು. ಹೆಂಡತಿ ಸೂಟ್‌ಕೇಸನ್ನು ಕೋಣೆಗೆ ಒಯ್ಯಲಿಲ್ಲ. ಬದಲಿಗೆ ನೇರಳೆ ಸ್ವೆಟರ್ ಹಾಕಿಕೊಂಡು ಬಾಗಿಲ ತನಕ ಹೋದಳು. ಅಲ್ಲಿಂದ ವಾಪಸು ಬಂದಳು. ಮತ್ತೆ ಹೋದಳು. ಮತ್ತೆ ಬಂದಳು.

"ಎಲ್ಲಿಗೆ?" ಎಂದರು ಅಳತೆಯವರು.

"ಎಲ್ಲಿಗೂ ಹೋಗೋ ಹಾಗಿಲ್ಲ, ಅದೇ ಸಂಕಟ," ಎಂದಳು ಅವಳು ಸೂಟ್‌ಕೇಸಿನ ಮೇಲೆ ಕುಸಿದು ಕೂತು. "ಹುಟ್ಟಿದಾಗಿನಿಂದ ನನಗೆ ಇಷ್ಟು ದೊಡ್ಡ ವಿಷಯ ನಡೆದಿಲ್ಲ ಕಣ್ರೀ. ಯಾರಿಗೆ ಹೇಳಲಿ? ಟೈಲರಿಗೆ ಹೇಳೋಣ ಅಂದ್ರೆ ಅವನು ಇಲ್ಲೇ ಇದ್ದ. ಅಣ್ಣ ಇದ್ದ. ಅತ್ತೆ ಇದ್ದರು. ಜೆರಾಕ್ಸಿನವನಿಗೆ ಮೊದಲೇ ಗೊತ್ತು."

"ನನಗೆ ಹೇಳು."

"ನೀವು ಇದ್ದಿರಲ್ಲ ರೀ. ಇದ್ದವರಿಗ್ಯಾರಾದ್ರೂ ಹೇಳ್ತಾರಾ?"

ಅಳತೆಯವರು ಯೋಚಿಸಿದರು. ಕೇಳುವವನು ಅಲ್ಲಿ ಇದ್ದಿರಬಾರದು ಎಂಬ ಷರತ್ತು ಟೈಪಿಸ್ಟ್ ಅಮ್ಮನ ಐದು ಬೆರಳಿನಲ್ಲೂ ಇರಲಿಲ್ಲ, ಮೊಹರು ಬಿದ್ದ ನಿಘಂಟಿನಲ್ಲೂ ಇರಲಿಲ್ಲ. ಅವರು ಎದ್ದು ಚಪ್ಪಲಿ ಮೆಟ್ಟಿದರು. ಕಚೇರಿಯ ಚೀಲವನ್ನು ಹೆಗಲಿಗೆ ಹಾಕಿದರು. ಏನೂ ಹೇಳದೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಬೀದಿಯ ದೀಪದ ಕಂಬದ ತನಕ ನಡೆದು, ಕಂಬವನ್ನು ಮುಟ್ಟಿ, ತಿರುಗಿ ಬಂದರು. ಬಾಗಿಲು ತಟ್ಟಿದರು. ಹೆಂಡತಿ ತೆರೆದಳು.

"ಏನಮ್ಮ," ಎಂದರು ಅಳತೆಯವರು, ಹೊಸ್ತಿಲ ಆಚೆಯೇ ನಿಂತು, "ಈ ಮನೇಲಿ ಏನೋ ಗಲಾಟೆ ಆಯ್ತಂತಲ್ಲ?"

ಹೆಂಡತಿ ಅವರನ್ನು ನೋಡಿದಳು. ಚೀಲ ನೋಡಿದಳು. ಬೀದಿಯ ಎಡಕ್ಕೂ ಬಲಕ್ಕೂ ಒಮ್ಮೆ ಕಣ್ಣು ಹಾಯಿಸಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಬಂತು.

"ಅಯ್ಯೋ, ಅದನ್ನ ಯಾಕೆ ಕೇಳ್ತೀರಿ. ಬನ್ನಿ, ಕೂತ್ಕೊಳ್ಳಿ, ಹೇಳ್ತೀನಿ. ಈ ಮನೇಲಿ ಒಬ್ಬರು ಯಜಮಾನರಿದಾರೆ ನೋಡಿ. ಅಳತೆ ಕಚೇರಿಯವರು."

"ಹ್ಞೂಂ," ಎಂದರು ಅಳತೆಯವರು. ಅದು ಕಡತಕ್ಕೆ ಮಂಜೂರಾತಿ ಕೊಡುವಂಥ ಹ್ಞೂಂ ಆಯಿತು. ಅವಳು ಮುಖ ಸಿಂಡರಿಸಿದಳು. ಇನ್ನೊಂದು ಸಲ ಸ್ವಲ್ಪ ಕೆಳಗಿನಿಂದ ಎತ್ತಿ, ನಡುವೆ ತಡೆದು, ಕೊನೆಯನ್ನು ತೆರೆದಿಟ್ಟರು.

ಅವಳು ಹೇಳತೊಡಗಿದಳು. ಆ ಮನುಷ್ಯ ಗುರುತಿನ ಚೀಟಿ ಹಿಡಿದುಕೊಂಡು ಗಾಜಿನ ಆಚೆ ನಿಂತದ್ದು, ಮಹಡಿಯಿಂದ ಇಳಿದವಳಿಗೆ ಪ್ರಯಾಣ ಹೇಗಿತ್ತು ಎಂದದ್ದು, ನೇರಳೆಯನ್ನು ನೀಲಿ ಎಂದು ಬರೆದದ್ದು, ತಾಯಿ ಎದ್ದು ನಾಲ್ಕಡಿ ಎರಡಂಗುಲ ಎಂದಾಗ ಅವರ ಮುಖ ಹೇಗಾಯಿತು ಎಂಬುದು. ಅವಳು ಅವರಂತೆಯೇ ನಿಂತು ತೋರಿಸಿದಳು, ಅವರ ದನಿಯಲ್ಲೇ "ಸಾಧ್ಯವಿಲ್ಲ" ಎಂದಳು. ಅಳತೆಯವರು ಮೊದಲ ಸಲ ಗಡಿಯಾರ ನೋಡುವುದನ್ನು ಮರೆತರು.

"ಆದರೂ ಪಾಪ, ಮನುಷ್ಯ ಕೆಟ್ಟವರಲ್ಲ ನೋಡಿ," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತಾ. "ಒಳಗೆ ಏನೋ ಇದೆ ಅವರಿಗೆ. ಹೇಳೋಕೆ ಬರಲ್ಲ ಅಷ್ಟೇ. ಇನ್ನೊಂದು ಹೇಳ್ತೀನಿ ಕೇಳಿ, ಅವರು ಇದಾರಲ್ಲ..."

ಅವಳ ಮುಖ ಹೊಳೆಯುತ್ತಿತ್ತು. ಆ ಯಜಮಾನನ ವಿಷಯ ಎತ್ತಿದಷ್ಟೂ ಅವಳ ಮಾತು ಮುಗಿಯುವಂತೆ ಕಾಣಲಿಲ್ಲ. ಒಬ್ಬ ಗಂಡಸಿನ ಬಗ್ಗೆ ತನ್ನ ಹೆಂಡತಿ ಇಷ್ಟು ಹೊತ್ತು, ಇಷ್ಟು ಅಕ್ಕರೆಯಿಂದ ಮಾತಾಡುತ್ತಿದ್ದಾಳಲ್ಲ ಎಂದು ಅಳತೆಯವರ ಹೊಟ್ಟೆಯ ಮೂಲೆಯಲ್ಲಿ ಮತ್ತೆ ಸಣ್ಣಗೆ ಕಿಚ್ಚು ಹತ್ತಿಕೊಂಡಿತು.

ಆದರೂ ಅವರು "ಹ್ಞೂಂ" ಎಂದರು.